ಪೋರ್ಟ್ ಆರ್ಥರ್ ನೋಡಿ ಬಂದ ಮೇಲೆ ಮಗಳಿಗೊಂದು ಪತ್ರ

ಮೂಡಿಗೆರೆ

ಚಿ. ಸೌ. ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಫೋನಿನಲ್ಲಿ ನೀನು ಎರಡು ಮಾತು ಕೇಳಿದೆ. ದುಡ್ಡು ಕೊಟ್ಟು ಹಡಗು ಹತ್ತಿದವರು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಪೋರ್ಟ್ ಆರ್ಥರ್‌ನಲ್ಲಿ ಹಳೇ ಜೈಲು ನೋಡೋಕೆ ಯಾಕೆ ಇಳಿದಿರಿ ಅಂತ ಒಂದು, ಚಿಂಟುವನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದಾ ಅಂತ ಇನ್ನೊಂದು. ಪಕ್ಕದಲ್ಲಿ ನಿನ್ನಮ್ಮ ಹಡಗಿನ ಊಟದ ವರದಿ ಒಪ್ಪಿಸುತ್ತಿದ್ದಳು, ನನಗೆ ಬಾಯಿ ಹಾಕಲು ಜಾಗವೇ ಸಿಗಲಿಲ್ಲ. ಅದಕ್ಕೇ ಈ ಕಾಗದ.

ಮೊದಲನೆಯದಕ್ಕೆ ಉತ್ತರ ಸುಲಭ: ನಿನ್ನಣ್ಣನ ಒತ್ತಾಯ. ಹಡಗು ದಡದವರೆಗೆ ಹೋಗುವುದಿಲ್ಲ, ಕೊಲ್ಲಿಯಲ್ಲೇ ಲಂಗರು ಹಾಕಿ ಜನರನ್ನು ಸಣ್ಣ ದೋಣಿಗಳಲ್ಲಿ ತಂಡತಂಡವಾಗಿ ಇಳಿಸುತ್ತಾರೆ. ನಿನ್ನಮ್ಮ ಸೀರೆ ಮೇಲೆ ಸ್ವೆಟರ್, ಅದರ ಮೇಲೆ ನಿನ್ನಣ್ಣನ ಜರ್ಕಿನ್ ಏರಿಸಿಕೊಂಡು ದಡ ಹತ್ತಿದವಳೇ, ‘ಇದು ಜೈಲಾ? ದೊರೆಗಳ ಕಾಲದ ತೋಟದ ಬಂಗಲೆ ಇದ್ದ ಹಾಗಿದೆ’ ಅಂದಳು. ನಿಜ, ಹಾಗೇ ಇದೆ. ಇಳಿಜಾರಿನ ತುಂಬ ಹಸಿರು ಹುಲ್ಲು, ದೊಡ್ಡ ದೊಡ್ಡ ಮರಗಳು, ನೀರಿಗೆ ಮುಖ ಮಾಡಿ ನಿಂತ ಸೂರಿಲ್ಲದ ನಾಲ್ಕಂತಸ್ತಿನ ಕಟ್ಟಡ. ಹಿಟ್ಟಿನ ಗಿರಣಿ, ಉಗ್ರಾಣ ಅಂತ ಕಟ್ಟಿದ್ದನ್ನು ಆಮೇಲೆ ಕೈದಿಗಳ ವಾಸಕ್ಕೆ ಬದಲಾಯಿಸಿದರಂತೆ. 1897ರ ಕಾಡ್ಗಿಚ್ಚಿನಲ್ಲಿ ಸುಟ್ಟು ಗೋಡೆಗಳಷ್ಟೇ ಉಳಿದವು.

1830ರಲ್ಲಿ ಮರ ಕಡಿಯುವ ಶಿಬಿರವಾಗಿ ಶುರುವಾದ ಊರು, ಮುಚ್ಚಿದ್ದು 1877ರಲ್ಲಿ. ಬ್ರಿಟನ್ನಿನಿಂದ ಗಡೀಪಾರಾಗಿ ಟಾಸ್ಮೇನಿಯಾಕ್ಕೆ ಬಂದು, ಬಂದ ಮೇಲೂ ತಪ್ಪು ಮಾಡಿ ಸಿಕ್ಕಿಬಿದ್ದವರನ್ನೇ ಹೆಚ್ಚಾಗಿ ಇಲ್ಲಿಗೆ ದಬ್ಬುತ್ತಿದ್ದರು. ಸುತ್ತ ಸಮುದ್ರ. ಹೊರದಾರಿ ಅಂತ ಇದ್ದದ್ದು ಈಗಲ್‌ಹಾಕ್ ನೆಕ್ ಎಂಬ ಕಿರಿದಾದ ನೆಲದ ಪಟ್ಟಿ ಒಂದೇ. ಅಲ್ಲಿ ಅಡ್ಡಡ್ಡ ಸಾಲಾಗಿ ನಾಯಿಗಳನ್ನು ಸರಪಳಿ ಹಾಕಿ ಕಟ್ಟಿದ್ದರು. ಬಿಲ್ಲಿ ಹಂಟ್ ಅನ್ನೋ ಕೈದಿ ಕಾಂಗರೂ ಚರ್ಮ ಹೊದ್ದು ಕುಪ್ಪಳಿಸುತ್ತ ದಾಟಲು ಹೋದನಂತೆ. ಹಸಿದ ಕಾವಲುಗಾರರು ಮಾಂಸ ಸಿಕ್ಕಿತು ಅಂತ ಬಂದೂಕು ಎತ್ತಿದಾಗ ಚರ್ಮ ಕಿತ್ತೊಗೆದು ಶರಣಾದನಂತೆ. ಗೈಡ್ ಇದನ್ನು ದಿನಾ ಹೇಳಿ ಹೇಳಿ ಚೆನ್ನಾಗಿ ಮಾಗಿಸಿಕೊಂಡಿದ್ದಾನೆ, ಎಲ್ಲರೂ ನಕ್ಕೆವು.

ಸೆಪರೇಟ್ ಪ್ರಿಸನ್ ಎಂಬ ಕಟ್ಟಡದೊಳಗೆ ಹೋದ ಮೇಲೆ ಯಾರೂ ನಗಲಿಲ್ಲ. ಚಾಟಿ ಏಟಿನಿಂದ ಕೈದಿ ಇನ್ನೂ ಒರಟಾಗುತ್ತಾನೆ, ಮೌನದಲ್ಲಿಟ್ಟರೆ ತಿದ್ದಿಕೊಳ್ಳುತ್ತಾನೆ ಅಂತ ಲಂಡನ್ನಿನ ಪೆಂಟನ್‌ವಿಲ್ ಜೈಲಿನ ಮಾದರಿಯಲ್ಲಿ ಕಟ್ಟಿಸಿದ್ದು. ದಿನಕ್ಕೆ 23 ಗಂಟೆ ಕೋಣೆಯಲ್ಲಿ ಒಬ್ಬನೇ, ಒಂದು ಗಂಟೆ ಅಂಗಳದಲ್ಲಿ, ಅಲ್ಲೂ ಒಬ್ಬನೇ. ಹೊರಗೆ ಬಂದರೆ ಮುಖ ಮುಚ್ಚುವ ಟೋಪಿ. ಮಾತಿಲ್ಲ, ಹೆಸರಿಲ್ಲ, ನಂಬರು ಮಾತ್ರ. ಕಾವಲಿನವರೂ ಸದ್ದಾಗದ ಮೆತ್ತನೆ ಚಪ್ಪಲಿ ಹಾಕಿ ಓಡಾಡುತ್ತಿದ್ದರಂತೆ. ಪ್ರಾರ್ಥನೆಯ ಕೋಣೆಯಲ್ಲಿ ಒಬ್ಬೊಬ್ಬನಿಗೆ ಒಂದೊಂದು ಮರದ ಗೂಡು. ಅದರಲ್ಲಿ ನಿಂತು ನೋಡಿದೆ. ಎರಡೂ ಪಕ್ಕ ಹಲಗೆ, ಎದುರಿಗೆ ಪಾದ್ರಿ ನಿಲ್ಲುವ ಜಾಗ, ಅಷ್ಟೇ ಕಾಣುತ್ತದೆ. ಕೈದಿಗಳ ಗಂಟಲಿನಿಂದ ದೊಡ್ಡ ದನಿ ಹೊರಡಲು ಅವಕಾಶವಿದ್ದದ್ದು ಅಲ್ಲಿ ಕೀರ್ತನೆ ಹಾಡುವಾಗ. ಇದನ್ನು ದಯೆ ಅಂತ ನಂಬಿ ಮಾಡಿದವರಿದ್ದರು ನೋಡು. ಪಕ್ಕದಲ್ಲೇ 1860ರ ದಶಕದಲ್ಲಿ ಹುಚ್ಚಾಸ್ಪತ್ರೆಯನ್ನೂ ಕಟ್ಟಬೇಕಾಯಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ರಿಜಿಸ್ಟರು. ತೋಟದಲ್ಲಿ ರೈಟರಾಗಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆದೇ ವಯಸ್ಸು ಕಳೆದವನಲ್ಲವೇ ನಾನು. ಮೇಸ್ತ್ರಿ ಆಳು ಎಣಿಸಿ ಹೇಳಿದರೆ ಹೆಸರಿನ ಮುಂದೆ ಗೀಟು ಹಾಕುವುದು, ವಾರಕ್ಕೊಮ್ಮೆ ಬಟವಾಡೆ ಲೆಕ್ಕ ಕಟ್ಟುವುದು. ಅಲ್ಲಿನ ಗುಮಾಸ್ತರು ನಮ್ಮನ್ನೆಲ್ಲ ಮೀರಿಸಿದವರು. ಕೈದಿಯ ಎತ್ತರ, ಮೈಬಣ್ಣ, ಕೂದಲು, ಕಣ್ಣು, ಹುಟ್ಟಿದೂರು, ಕಸುಬು, ತೋಳಿನ ಹಚ್ಚೆಯಲ್ಲಿ ಏನಿದೆ, ಎಲ್ಲ ಇದೆ. ಆಮೇಲೆ ಒಂದೊಂದು ತಪ್ಪು, ಅದಕ್ಕೆ ಕೊಟ್ಟ ಶಿಕ್ಷೆ, ತಾರೀಖಿನ ಸಮೇತ. ಹತ್ತಿರ ತಂಬಾಕು ಸಿಕ್ಕಿತು, ಎದುರು ಮಾತಾಡಿದ, ಇಂಥವು. ತಪ್ಪಿಸಿಕೊಂಡರೆ ಗುರುತು ಹಿಡಿಯಲು ಬರೆದಿಟ್ಟದ್ದು. ಈಗ ಅದೇ ಪುಸ್ತಕ ನೋಡಿ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ತಮ್ಮ ಹಿರಿಯನ ಕಣ್ಣಿನ ಬಣ್ಣ ತಿಳಿದುಕೊಳ್ಳುತ್ತಾರೆ. ಘಟ್ಟದ ಕೆಳಗಿನಿಂದ ಬಂದು ನಮ್ಮ ತೋಟದ ಕೂಲಿ ಲೈನ್ ಮನೆಗಳಲ್ಲಿ ಬದುಕಿ ಸತ್ತವರ ಬಗ್ಗೆ ಏನುಳಿದಿದೆ ಹೇಳು? ಹಳೇ ಚೆಕ್‌ರೋಲುಗಳನ್ನು ಗೆದ್ದಲು ತಿಂದಿತು. ತಿನ್ನದಿದ್ದರೂ ಅದರಲ್ಲಿದ್ದದ್ದು ಗೀಟು. ಅಂಥ ಸರ್ಕಾರದ ಕೆಲಸವನ್ನು ಹೊಗಳಬೇಕೋ ಬೈಯಬೇಕೋ ಅಂತ ದೋಣಿ ಹತ್ತುವವರೆಗೂ ತೀರ್ಮಾನವಾಗಲಿಲ್ಲ, ಈಗಲೂ ಆಗಿಲ್ಲ.

ಆ ಜನಕ್ಕೂ ಒಂದು ಕಾಲದಲ್ಲಿ ಇದೆಲ್ಲ ನಾಚಿಕೆಯ ವಿಷಯವಾಗಿತ್ತು. ಜೈಲು ಮುಚ್ಚಿದ ಮೇಲೆ ಊರಿಗೆ ಕಾರ್ನಾರ್ವನ್ ಅಂತ ಹೊಸ ಹೆಸರಿಟ್ಟರು. ನೋಡಲು ಬರುವವರು ಕೇಳುತ್ತಿದ್ದದ್ದು ಪೋರ್ಟ್ ಆರ್ಥರನ್ನೇ, 1927ರಲ್ಲಿ ಹಳೇ ಹೆಸರೇ ವಾಪಸ್ ಬಂತು. 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. 1996ರಲ್ಲಿ ಒಬ್ಬ ಬಂದೂಕು ಹಿಡಿದು ಇಲ್ಲೇ, ಸುತ್ತಮುತ್ತ 35 ಜನರನ್ನು ಕೊಂದ. ಆಸ್ಟ್ರೇಲಿಯಾದ ಬಂದೂಕಿನ ಕಾನೂನು ಬಿಗಿಯಾದದ್ದು ಆಮೇಲೆ. ಅದಕ್ಕೊಂದು ಸ್ಮಾರಕ ತೋಟವಿದೆ. ಆ ದಿನದ ಬಗ್ಗೆ ಸಿಬ್ಬಂದಿಯನ್ನು ಕೇಳಬೇಡಿ ಅನ್ನುತ್ತಾರೆ, ಚಿಂಟುಗೆ ಮೊದಲೇ ಹೇಳಿರು.

ಹೌದು, ಅವನನ್ನು ಕರೆದುಕೊಂಡೇ ಹೋಗು. ಒಂಬತ್ತು ವರ್ಷ ಚಿಕ್ಕದಾಯಿತಲ್ಲ ಅಂದೆ. ಬಂದರಿನ ಆಚೆ ದಡದಲ್ಲಿ ಪಾಯಿಂಟ್ ಪ್ಯೂಯರ್ ಅಂತ ಹುಡುಗರ ಜೈಲಿತ್ತು, 1834ರಿಂದ 1849ರವರೆಗೆ. ಒಂಬತ್ತು ವರ್ಷದವರೂ ಅಲ್ಲಿದ್ದರು. ಮರಗೆಲಸ, ಜೋಡು ಹೊಲಿಯುವುದು, ಕಲ್ಲು ಕೆತ್ತುವುದು ಕಲಿಸುತ್ತಿದ್ದರು. ಈ ದಡದಲ್ಲಿ ಸೂರಿಲ್ಲದೆ ನಿಂತಿರುವ ಚರ್ಚಿನ ಕಲ್ಲುಗಳಲ್ಲಿ ಆ ಹುಡುಗರ ಉಳಿ ಆಡಿದೆ. ಇವನು ಮೊನ್ನೆ ಶಾಲೆಯಲ್ಲಿ ಯಾರದೋ ಪೆನ್ಸಿಲ್ ಎತ್ತಿಕೊಂಡು ಬಂದನಲ್ಲ, ಅವನಿಗೆ ತೋರಿಸಿ ಹೆದರಿಸು ಅಂತ ನಾನು ಹೇಳುತ್ತಿಲ್ಲ. ಸುಮ್ಮನೆ ಆ ಕಲ್ಲು ಮುಟ್ಟಲಿ. ಸೆಪರೇಟ್ ಪ್ರಿಸನ್ನಿನ ಕತ್ತಲೆ ಕೋಣೆಗೆ ಮಾತ್ರ ಬೇಡ. ಬಾಗಿಲಿನ ಹಿಂದೆ ಬಾಗಿಲು, ನನಗೇ ಎದೆ ಹೊಡೆದುಕೊಂಡಿತು.

ಬೇಸಿಗೆ ರಜೆಯಲ್ಲಿ ಹೋಗಬೇಡಿ, ಆಗ ಅಲ್ಲಿ ಚಳಿ ಶುರು. ಡಿಸೆಂಬರ್ ರಜೆ ನೋಡಿ. ಹಡಗೂ ಬೇಡ, ಅದರವರು ಕೊಡುವ ಗಂಟೆಗಳು ಸಾಲುವುದಿಲ್ಲ. ಹೋಬಾರ್ಟ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ, ನಾಯಿ ಕಟ್ಟುತ್ತಿದ್ದ ಜಾಗವೂ ದಾರಿಯಲ್ಲೇ ಸಿಗುತ್ತದೆ. ಹಡಗು ಬಿಟ್ಟರೆ ಊಟದ ಗತಿ ಏನು ಅಂತ ನಿನ್ನಮ್ಮ ಕೇಳುತ್ತಿದ್ದಾಳೆ. ಅವಳಿಗೆ ನೀನೇ ಉತ್ತರ ಹೇಳಿಕೋ.

ಇತಿ,
ಅಪ್ಪ