ಶುಕ್ರವಾರ ಬನ್ನಿ ಅಂದಿದ್ದರು

ಪುಟ್ಟೀ,

ಮೊನ್ನೆ ಫೋನಿನಲ್ಲಿ ಈ ಬಸಿರು ತೆಗೆಸಿಬಿಡುತ್ತೇನೆ ಅಂತ ನೀನು ಹೇಳಿದಾಗ ನಾನು ಸುಮ್ನೆ ಇದ್ದುಬಿಟ್ಟೆ. ಕೋಪ ಅಂದುಕೊಂಡೆಯೇನೋ. ಕೋಪ ಅಲ್ಲ, ಮಾತೇ ಹೊರಡಲಿಲ್ಲ. ದೊಡ್ಡವನಿಗೆ ಇನ್ನೂ ಎರಡು ತುಂಬಿಲ್ಲ, ಮನೆ ಸಾಲ ಇದೆ, ಎಂಟೇ ವಾರ ಆಗಿರುವುದು, ಕಾನೂನಿನಲ್ಲಿ ಅವಕಾಶ ಇದೆ ಅಂದೆ. ಇದೆ, ನನಗೂ ಗೊತ್ತು. 1971ರಲ್ಲೇ ಕಾನೂನು ಬಂತು, 2021ರಲ್ಲಿ ತಿದ್ದಿ ಕೆಲವರಿಗೆ 24 ವಾರದವರೆಗೂ ಕೊಟ್ಟರು. ಅವಕಾಶ ಇದೆ ಅಂತ ಮಾಡಲೇಬೇಕಾ?

ನಿನಗೆ ಇದುವರೆಗೂ ಹೇಳದ ಒಂದು ವಿಷಯ ಇದೆ. 1998ರಲ್ಲಿ ನೀನು ಹೊಟ್ಟೆಯಲ್ಲಿದ್ದಾಗ ಅಜ್ಜಿ ನನ್ನನ್ನು ಬೆಂಗಳೂರಿಗೆ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದರು. ಅಕ್ಕ ಆಗಲೇ ಹುಟ್ಟಿದ್ದಳಲ್ಲ, ಈ ಸಲ ಗಂಡೇ ಆಗಬೇಕಿತ್ತು. ಹೆಣ್ಣೋ ಗಂಡೋ ಹೇಳಬಾರದು ಅನ್ನುವ ಕಾನೂನು 1996ರಿಂದಲೇ ಜಾರಿಯಲ್ಲಿತ್ತು. ಡಾಕ್ಟರು ಬಾಯಿಬಿಟ್ಟು ಏನೂ ಹೇಳಲಿಲ್ಲ. ‘ರಿಪೋರ್ಟು ಶುಕ್ರವಾರ ಬಂದು ತಗೊಳ್ಳಿ’ ಅಂದರು, ಅಷ್ಟೇ. ಶುಕ್ರವಾರ ಅಂದರೆ ಲಕ್ಷ್ಮಿ. ಅಜ್ಜಿಗೆ ಅರ್ಥವಾಯಿತು. ಬಸ್ಸಿನಲ್ಲಿ ಮದ್ದೂರು ದಾಟುವವರೆಗೂ ಮಾತಾಡದೆ ಕೂತಿದ್ದವರು ಆಮೇಲೆ ಮೆಲ್ಲಗೆ ‘ಇನ್ನೂ ಹೊತ್ತು ಮೀರಿಲ್ಲ ಕಣಮ್ಮ’ ಅಂದರು.

ನಾನೇನು ಧೈರ್ಯವಂತೆಯಲ್ಲ, ತೌರಿಗೆ ಹೋದವಳು ತಿಂಗಳು ತುಂಬುವವರೆಗೂ ವಾಪಸ್ ಬರಲೇ ಇಲ್ಲ. ನೀನು ಹುಟ್ಟಿದ ಮೇಲೆ ಎಣ್ಣೆ ಒತ್ತಿ ನೀರು ಹಾಕಿದ್ದು ಅದೇ ಅಜ್ಜಿ, ಕೊನೆಗಾಲದಲ್ಲಿ ನಿನ್ನ ಕೈಯಲ್ಲಿ ಬಿಟ್ಟು ಬೇರೆ ಯಾರ ಕೈಯಲ್ಲೂ ಗಂಜಿ ಕುಡಿಯದೆ ಹೋದವರೂ ಅವರೇ.

2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ನು ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದರು ಅಂತ ಪೇಪರಿನಲ್ಲಿ ಬಂದಾಗ ನನಗೆ ಎರಡು ದಿನ ಊಟ ಸೇರಲಿಲ್ಲ. ಬಿಸಿ ಬೆಲ್ಲಕ್ಕೆ ನೀವಿಬ್ಬರೂ ಓಡಿಹೋಗುತ್ತಿದ್ದಂಥದ್ದೇ ಒಂದು ಜಾಗ ಕಣೇ ಅದು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡಿಗೆ 948 ಹೆಣ್ಣು. ನೀನೂ ಯಾವ ಲೆಕ್ಕಕ್ಕೂ ಸಿಗದೆ ಹೋಗಬಹುದಿತ್ತು.

ಅದೇ ಬೇರೆ, ಇದೇ ಬೇರೆ ಅನ್ನುತ್ತೀಯ. ಹೆಣ್ಣು ಅಂತ ನೀನು ಬೇಡ ಅನ್ನುತ್ತಿಲ್ಲ, ನಿನ್ನನ್ನು ಯಾರೂ ಒತ್ತಾಯ ಮಾಡುತ್ತಿಲ್ಲ. ಒಪ್ಪಿದೆ. ಆದರೆ ಒಳಗಿರುವುದಕ್ಕೆ ಆ ವ್ಯತ್ಯಾಸ ಗೊತ್ತಾಗುತ್ತದಾ? ಮಕ್ಕಳಿಗೆ ಯಾವ ಶಾಲೆ, ಯಾವ ದೇವರು, ಏನು ಕಲಿಸಬೇಕು ಅನ್ನುವುದು ಹೆತ್ತವರಿಗೆ ಬಿಟ್ಟದ್ದು, ಸರ್ಕಾರ ಮೂಗು ತೂರಿಸಬಾರದು ಅಂತ ನಿಮ್ಮಪ್ಪನ ಹತ್ತಿರ ಜಗಳ ಆಡುವವಳು ನಾನೇ. ಆದರೆ ಮಗು ಇರಬೇಕಾ ಬೇಡವಾ ಅನ್ನುವುದು ಆ ಹಕ್ಕಿನೊಳಗೆ ಬರುವುದಿಲ್ಲ ಅಂತ ನನಗೆ ಆ ಬಸ್ಸಿನಲ್ಲೇ ಅನ್ನಿಸಿತ್ತು. ನಿನ್ನ ಜೀವಕ್ಕೆ ಅಪಾಯ ಅಂತ ಡಾಕ್ಟರು ಹೇಳಿದ್ದರೆ ಈ ಕಾಗದವನ್ನೇ ಬರೆಯುತ್ತಿರಲಿಲ್ಲ.

ಕಷ್ಟ ಇಲ್ಲ ಅಂತ ಹೇಳುತ್ತಿಲ್ಲ. ನಿದ್ದೆ, ಕೆಲಸ, ಸಾಲ ಎಲ್ಲಾ ಗೊತ್ತು. ಬರೀ ಬುದ್ಧಿ ಹೇಳಿ ಕೈತೊಳೆದುಕೊಳ್ಳುವವಳೂ ನಾನಲ್ಲ. ಎರಡು ಮೂರು ವರ್ಷ ಅಲ್ಲೇ ಬಂದು ಇರುತ್ತೇನೆ. ನಿಮ್ಮಪ್ಪನಿಗೆ ಅಡುಗೆ ಬರುತ್ತದೆ, ಬರದವರ ಹಾಗೆ ನಾಟಕ ಆಡುತ್ತಾರೆ ಅಷ್ಟೇ.

ಮಂಗಳವಾರ ಅಪಾಯಿಂಟ್‌ಮೆಂಟು ಅಂದೆಯಲ್ಲ. ನಾನು ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನುಗ್ಗೆಸೊಪ್ಪು ತರುತ್ತೇನೆ. ನೀನು ಏನೇ ತೀರ್ಮಾನ ಮಾಡಿದರೂ ಬರುತ್ತೇನೆ, ಆದರೆ ಅದಕ್ಕೆ ಮೊದಲು ಒಂದು ಸಲ ಕೂತು ಮಾತಾಡೋಣ.

ನಿನ್ನ ಅವ್ವ