ಪಟ್ಟಿ ನೀಲಿಯಾದರೆ ‘ವಿಷಮುಕ್ತ’ ಎಂದಲ್ಲ

ಮಾನ್ಯ ಸಂಪಾದಕರೇ,

ಸೊಪ್ಪು ತರಕಾರಿಯಲ್ಲಿ ಉಳಿದ ಕೀಟನಾಶಕವನ್ನು ಸ್ಥಳದಲ್ಲೇ ಪತ್ತೆ ಹಚ್ಚುವ ಜೈವಿಕ ಸಂವೇದಕ ಪಟ್ಟಿಗಳು (ಬಯೋಸೆನ್ಸರ್ ಸ್ಟ್ರಿಪ್) ಕಲಾಸಿಪಾಳ್ಯದಂಥ ಸಗಟು ಮಾರುಕಟ್ಟೆಗೆ ಬೇಕೇ ಬೇಕು. ಆದರೆ ಆ ಪಟ್ಟಿಯೊಂದನ್ನೇ ನಂಬಿ ಅಂಗಡಿ ಮುಂದೆ ‘ವಿಷಮುಕ್ತ’ ಎಂದು ಬೋರ್ಡು ಹಾಕುವುದು ತಪ್ಪು.

ಪಟ್ಟಿಯ ಬಿಳಿ ಬಿಲ್ಲೆಯಲ್ಲಿ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವವಿರುತ್ತದೆ, ಕೆಂಪು ಬಿಲ್ಲೆಯಲ್ಲಿ ಬಣ್ಣ ಕೊಡುವ ರಾಸಾಯನಿಕ. ಎರಡೂ ಬಿಲ್ಲೆ ಸೇರಿದಾಗ, ಕಿಣ್ವ ಚುರುಕಾಗಿದ್ದರೆ ಆ ರಾಸಾಯನಿಕವನ್ನು ಒಡೆದು ಬಿಳಿ ಬಿಲ್ಲೆಯನ್ನು ನೀಲಿ ಮಾಡುತ್ತದೆ. ಆರ್ಗ್ಯಾನೊಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಕೀಟನಾಶಕ ಔಷಧಿ ಸಾಕಷ್ಟಿದ್ದರೆ ಕಿಣ್ವ ಸ್ತಬ್ಧವಾಗಿ ಬಿಲ್ಲೆ ಬೆಳ್ಳಗೇ ಉಳಿಯುತ್ತದೆ. ಬೇರೆ ಗುಂಪಿನ ಔಷಧಿಗಳಾದ ಸೈಪರ್‌ಮೆಥ್ರಿನ್, ಇಮಿಡಾಕ್ಲೋಪ್ರಿಡ್, ಮ್ಯಾಂಕೋಜೆಬ್ ಈ ಕಿಣ್ವದ ತಂಟೆಗೆ ಹೋಗುವುದಿಲ್ಲ. ಅವು ಎಷ್ಟೇ ಇದ್ದರೂ ಪಟ್ಟಿ ನೀಲಿಯೇ. ಆರ್ಗ್ಯಾನೊಫಾಸ್ಫೇಟ್ ಗುಂಪಿನದ್ದೇ ಆದ ಕ್ಲೋರ್‌ಪೈರಿಫಾಸ್ ಕೂಡ ಆಕ್ಸಿಡೀಕರಣಗೊಳ್ಳುವ ತನಕ ಕಿಣ್ವವನ್ನು ಅಷ್ಟಾಗಿ ತಡೆಯದು. ಅದಕ್ಕೇ, ಅದನ್ನು ಆಕ್ಸಿಡೀಕರಿಸಲು ಬ್ರೋಮಿನ್ ನೀರಿನಂಥದ್ದನ್ನು ಬಳಸುವುದುಂಟು. ಬ್ರೋಮಿನ್ ಹೆಚ್ಚಾದರೆ ಕಿಣ್ವವೇ ಸಾಯುತ್ತದೆ.

ಇನ್ನು ಪರೀಕ್ಷಿಸುವ ಕ್ರಮ. ಸಾಮಾನ್ಯ ಕಿಟ್‌ಗಳಲ್ಲಿ 5 ಗ್ರಾಂ ದಂಟಿನ ಸೊಪ್ಪು ಹೆಚ್ಚಿ, 10 ಮಿ.ಲೀ. ಬಫರ್‌ನಲ್ಲಿ (ಆಮ್ಲ-ಕ್ಷಾರ ಮಟ್ಟವನ್ನು ಸ್ಥಿರವಾಗಿಡುವ ದ್ರಾವಣ) ಚೆನ್ನಾಗಿ ಕುಲುಕಿ, ಎರಡು ನಿಮಿಷ ತಿಳಿಯಾಗಲು ಬಿಡಬೇಕು. ಮೇಲಿನ ತಿಳಿಯ ಎರಡು ಮೂರು ಹನಿ ಬಿಳಿ ಬಿಲ್ಲೆಗೆ ಹಾಕಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಇಡಬೇಕು. ಬಿಲ್ಲೆ ಒಣಗಕೂಡದು. ಆಮೇಲೆ ಪಟ್ಟಿ ಮಡಚಿ, ಎರಡೂ ಬಿಲ್ಲೆ ಒತ್ತಿ ಹಿಡಿದು 3 ನಿಮಿಷ ಬಿಟ್ಟು ನೋಡಬೇಕು. ಪಕ್ಕದಲ್ಲಿ ಬರೀ ಬಫರ್ ಹಾಕಿದ ಇನ್ನೊಂದು ಪಟ್ಟಿ ಇರಲೇಬೇಕು. ಡಿಸೆಂಬರ್‌ನ ಬೆಳಗಿನ ಜಾವ ಬಯಲಲ್ಲಿ ಪರೀಕ್ಷಿಸಿದರೆ ಚಳಿಗೆ ಕಿಣ್ವ ನಿಧಾನವಾಗಿ ಬಫರ್ ಪಟ್ಟಿಯೂ ಪೇಲವವಾಗುತ್ತದೆ. ಅಂಥ ಫಲಿತಾಂಶವನ್ನು ಎಸೆಯಬೇಕು. ಫ್ರಿಜ್‌ನ ಹೊರಗೆ ದಿನಗಟ್ಟಲೆ ಬಿದ್ದ ಪಟ್ಟಿಗಳ ಗತಿಯೂ ಅದೇ.

ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿಯ ರಸ ತಾನಾಗಿಯೇ ಕಿಣ್ವವನ್ನು ತಡೆಯುವುದುಂಟು. ಇವನ್ನು ಹೆಚ್ಚದೆ, ಇಡಿಯಾಗಿ ಬಫರ್‌ನಲ್ಲಿ ತೊಳೆದು ಆ ನೀರನ್ನು ಪರೀಕ್ಷಿಸುವುದು ಒಳ್ಳೆಯದು. ಇಲ್ಲದಿದ್ದರೆ ಏನೂ ಸಿಂಪಡಿಸದ ರೈತನ ಮೂಟೆ ಸುಮ್ಮನೆ ತಿಪ್ಪೆ ಸೇರುತ್ತದೆ. ಆ ನಷ್ಟ ತುಂಬಿಕೊಡುವವರು ಯಾರು?

ಬಿಳಿ ಬಂದ ಲಾಟನ್ನು ತಡೆಹಿಡಿದು, ಮತ್ತೊಮ್ಮೆ ಪರೀಕ್ಷಿಸಿ, ಆಗಲೂ ಬಿಳಿ ಬಂದರೆ ಮಾದರಿಯನ್ನು ಅತಿ ಸೂಕ್ಷ್ಮ ಪ್ರಮಾಣವನ್ನೂ ಅಳೆಯುವ ಎಲ್‌ಸಿ-ಎಂಎಸ್/ಎಂಎಸ್ ಯಂತ್ರ ಇರುವ ಪ್ರಯೋಗಾಲಯಕ್ಕೆ ಕಳಿಸಬೇಕು. ನಿರ್ದಿಷ್ಟ ಮಿತಿ ಗೊತ್ತುಪಡಿಸದ ಕೀಟನಾಶಕಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಸಾಮಾನ್ಯವಾಗಿ ಇಟ್ಟಿರುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಷ್ಟು ಸೂಕ್ಷ್ಮ ಅಳತೆ ಬಣ್ಣ ನೋಡಿ ಹೇಳುವಂಥದ್ದಲ್ಲ. ನೀಲಿ ಬಂದ ಲಾಟುಗಳಿಂದಲೂ ಆಗಾಗ ಕೆಲವು ಮಾದರಿ ಅಲ್ಲಿಗೆ ಹೋಗಲಿ. ಬೋರ್ಡಿನಲ್ಲಿ ‘ವಿಷಮುಕ್ತ’ ಎನ್ನುವ ಬದಲು ಯಾವ ಗುಂಪಿನ ಔಷಧಿಗೆ, ಯಾವ ದಿನ ಪರೀಕ್ಷಿಸಲಾಯಿತು ಎಂದು ಬರೆಯುವುದನ್ನು ಮಾರುಕಟ್ಟೆ ಸಮಿತಿಗಳು ಕಡ್ಡಾಯ ಮಾಡಲಿ.

– ಆಹಾರ ವಿಶ್ಲೇಷಕರು, ಬೆಂಗಳೂರು