ನನ್ನ ಕೈಗೆ ಬರುವ ಮೊದಲೇ ಸವೆದಿದ್ದ ವ್ಯಾನಿನ ರಿಪೇರಿ ಖರ್ಚಿನ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಬಳಸಿದ ವಾಣಿಜ್ಯ ವಾಹನಗಳ ಮಾರಾಟ ವಿಭಾಗ

ವಿಷಯ: ತಪಾಸಣಾ ಪಟ್ಟಿಯಲ್ಲಿ ‘ಸರಿ ಇದೆ’ ಎಂದು ಬರೆದುಕೊಟ್ಟ ಭಾಗಗಳು ಕೆಟ್ಟಿದ್ದ ಬಗ್ಗೆ, ಮತ್ತು ರಿಪೇರಿ ಖರ್ಚು ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಿಮ್ಮಲ್ಲಿ ತೆಗೆದುಕೊಂಡ ಡೀಸೆಲ್ ಸರಕು ವ್ಯಾನಿನ ಬಗ್ಗೆ ನಾನು ಕೊಟ್ಟ ಮೊದಲ ದೂರಿಗೆ ಒಂದೇ ಸಾಲಿನ ಉತ್ತರ ಬಂದಿದೆ. ‘ಇವೆಲ್ಲ ಬಳಕೆಯಿಂದ ಆಗುವ ಸಾಮಾನ್ಯ ಸವೆತ, ವಾರಂಟಿಗೆ ಬರುವುದಿಲ್ಲ’ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಸವೆತ ಅನ್ನೋದು ನಿಜ. ಆದರೆ ಅದು ಯಾರ ಕೈಯಲ್ಲಿ ಆದದ್ದು? ವ್ಯಾನ್ ಮಾರಿದ ದಿನವೇ ಸವೆದು ಹೋಗಿದ್ದ ಭಾಗಕ್ಕೆ ‘ಸರಿ ಇದೆ’ ಎಂದು ಟಿಕ್ ಹಾಕಿ ಕೊಟ್ಟರೆ, ಆ ಖರ್ಚು ಹೇಗೆ ನನ್ನದಾಗುತ್ತದೆ?

ಹಳೇ ಗಾಡಿ ಅಂದ ಮೇಲೆ ಖರ್ಚು ಇದ್ದೇ ಇರುತ್ತದೆ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಬ್ಯಾಟರಿ, ಇವಕ್ಕೆಲ್ಲ ನಾನು ದುಡ್ಡು ತೆಗೆದಿಟ್ಟೇ ಗಾಡಿ ತೆಗೆದುಕೊಂಡೆ. ಅವುಗಳ ಬಿಲ್ಲನ್ನು ಈ ಪತ್ರದ ಜೊತೆ ಇಟ್ಟಿಲ್ಲ, ಕೇಳುವುದೂ ಇಲ್ಲ. ನಾನು ಕೇಳುತ್ತಿರುವುದು ಮೂರು ದೊಡ್ಡ ಕೆಲಸಗಳ ಬಗ್ಗೆ ಮಾತ್ರ.

ಮೊದಲು ಕ್ಲಚ್. ಲೋಡ್ ಹಾಕಿ ಏರು ಹತ್ತಿಸುವಾಗ ಎಂಜಿನ್ ಕೂಗುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. ಗೇರ್‌ಬಾಕ್ಸ್ ಇಳಿಸಿದಾಗ ನಾನು ಪಕ್ಕದಲ್ಲೇ ಇದ್ದೆ. ಕ್ಲಚ್ ಪ್ಲೇಟಿನ ಲೈನಿಂಗ್, ಅಂದರೆ ಹಿಡಿತ ಕೊಡುವ ಪದರ, ಪೂರ್ತಿ ಸವೆದು ರಿವೆಟ್ಟುಗಳು ಮೇಲೆ ಬಂದಿದ್ದವು. ಆ ರಿವೆಟ್ಟುಗಳು ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ನಿನ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ಮುಖವನ್ನು ಉಂಗುರದ ಹಾಗೆ ಕೊರೆದಿದ್ದವು. ಬೆರಳು ಇಟ್ಟರೆ ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಸುತ್ತಲೂ ಬಿಸಿಗೆ ನೀಲಿಗಟ್ಟಿದ ಕಲೆಗಳು. ಲೈನಿಂಗ್ ಅಷ್ಟು ಸವೆದು, ಆಮೇಲೆ ಉಕ್ಕು ಅಷ್ಟು ಆಳಕ್ಕೆ ಕೊರೆಯಬೇಕಾದರೆ, ನಾನು ಓಡಿಸಿದ ಅಲ್ಪ ದೂರ ಎಲ್ಲಿಯೂ ಸಾಲದು. ಕ್ಲಚ್ ಪ್ಲೇಟ್ ಒಂದನ್ನೇ ಸಮಯಕ್ಕೆ ಬದಲಿಸಿದ್ದರೆ ಫ್ಲೈವೀಲ್ ಉಳಿಯುತ್ತಿತ್ತು. ಈಗ ಡ್ಯುಯಲ್ ಮಾಸ್ ಫ್ಲೈವೀಲ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲವನ್ನೂ ಹಾಕಿಸಬೇಕಾಯಿತು. ಫ್ಲೈವೀಲಿನ ಬೆಲೆ ಕ್ಲಚ್ ಪ್ಲೇಟಿಗಿಂತ ಎಷ್ಟು ಜಾಸ್ತಿ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡನೆಯದು ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ಓಡಿಸುವ ಬೆಲ್ಟ್. ನಿಮ್ಮ ಪಟ್ಟಿಯಲ್ಲಿ ‘ಬದಲಿಸಲಾಗಿದೆ’ ಎಂದಿದೆ. ಕವರ್ ತೆಗೆದು ನೋಡಿದರೆ ಬೆಲ್ಟಿನ ಬೆನ್ನ ಮೇಲೆ ಸಣ್ಣ ಸಣ್ಣ ಬಿರುಕುಗಳು, ಅಂಚಿನಲ್ಲಿ ಬಿಟ್ಟುಕೊಂಡ ಎಳೆಗಳು. ಅದರ ಮೇಲೆ ಅಚ್ಚಾಗಿದ್ದ ತಯಾರಿಕೆ ವರ್ಷವೂ ವ್ಯಾನಿನ ತಯಾರಿಕೆ ವರ್ಷವೂ ಒಂದೇ! ಹಾಗಾದರೆ ಬದಲಿಸಿದ್ದು ಏನನ್ನು? ಇದು ಬರೀ ದುಡ್ಡಿನ ಮಾತಲ್ಲ. ಇಂಥ ಡೀಸೆಲ್ ಎಂಜಿನ್ನಿನಲ್ಲಿ ಓಡುವಾಗ ಬೆಲ್ಟ್ ಕಿತ್ತುಹೋದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಬೇಕಾಗುತ್ತದೆ, ಕೆಲವು ಸಲ ಎಂಜಿನ್ನೇ ಹೋಗುತ್ತದೆ. ಪಟ್ಟಿಯ ಮಾತು ನಂಬಿ ನಾನು ಇನ್ನೂ ವರ್ಷಗಟ್ಟಲೆ ಅದೇ ಬೆಲ್ಟಿನಲ್ಲಿ ಓಡಿಸುತ್ತಿದ್ದೆ. ಕೆಲಸದ ಹುಡುಗನನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ ಎಂಜಿನ್ ಹಾಗೆ ನಿಂತಿದ್ದರೆ? ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸಿದ್ದೇನೆ. ಹಳೇ ಬೆಲ್ಟ್ ನನ್ನ ಹತ್ತಿರ ಜೋಪಾನವಾಗಿದೆ.

ಮೂರನೆಯದು ಸೈಲೆನ್ಸರ್ ಲೈನಿನಲ್ಲಿರುವ ಡಿಪಿಎಫ್, ಅಂದರೆ ಡೀಸೆಲ್ ಮಸಿ ಹಿಡಿಯುವ ಫಿಲ್ಟರ್. ಅದು ತನ್ನಲ್ಲಿ ತುಂಬಿದ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಒಳಗೆ ಸುಮಾರು 600 ಡಿಗ್ರಿ ಬಿಸಿ ಬೇಕು. ನಿಂತು ನಿಂತು ಓಡುವ ಡೆಲಿವರಿ ಗಾಡಿಗೆ ಆ ಬಿಸಿ ಸಿಗುವುದೇ ಕಷ್ಟ. ಈ ವ್ಯಾನ್ ಮೊದಲು ಅಂಥ ಕೆಲಸದಲ್ಲೇ ಇತ್ತು ಎಂದು ನಿಮ್ಮ ಮಾರಾಟಗಾರರೇ ಹೇಳಿದ್ದರು. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ, ಬಿಸಿ ಏರಿಸಲು ಎಂಜಿನ್ ಸುರಿದ ಹೆಚ್ಚಿನ ಡೀಸೆಲ್‌ನಲ್ಲಿ ಒಂದಿಷ್ಟು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಮೊದಲ ವಾರದಲ್ಲಿ ಡಿಪ್‌ಸ್ಟಿಕ್ ತೆಗೆದು ನೋಡಿದಾಗ ಆಯಿಲ್ ಮೇಲಿನ ಗೆರೆ ದಾಟಿತ್ತು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ನಿಮ್ಮ ಪಟ್ಟಿಯಲ್ಲಿ ಅದಕ್ಕೂ ‘ಸರಿ ಇದೆ’.

ಮಸಿ ನಾನು ಓಡಿಸಿದ್ದರಿಂದಲೇ ತುಂಬಿತು ಎಂದು ನೀವು ಹೇಳಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಫಿಲ್ಟರ್ ಬಿಚ್ಚಿ ಗಾಳಿ ಊದಿ ಸ್ವಚ್ಛ ಮಾಡಿದಾಗ ಕಪ್ಪು ಮಸಿಗಿಂತ ಜಾಸ್ತಿ ಬಂದದ್ದು ಬೂದು ಬಣ್ಣದ ಬೂದಿ. ಮಸಿ ಸುಟ್ಟು ಹೋಗುತ್ತದೆ, ಬೂದಿ ಹೋಗುವುದಿಲ್ಲ. ಅದು ಎಂಜಿನ್ ಆಯಿಲ್ ಉರಿದು ಉಳಿಯುವ ಕಸ. ಅಷ್ಟು ಸೇರಲು ಸಾವಿರಾರು ಕಿಲೋಮೀಟರ್ ಓಡಬೇಕು. ಇನ್ನೂ ಒಂದು ವಿಷಯ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರೆ ‘ದೋಷದ ಕೋಡ್ ಅಳಿಸಿದ ಮೇಲೆ ಓಡಿದ ದೂರ’ ಎಷ್ಟು ಎಂದು ತೋರಿಸುತ್ತದೆ. ಡೆಲಿವರಿ ಚೀಟಿಯಲ್ಲಿರುವ ಮೀಟರ್ ಓದಿನಿಂದ ಲೆಕ್ಕ ಹಾಕಿದರೆ, ಆ ದೂರವೂ ನಾನು ಓಡಿಸಿದ ದೂರವೂ ಹೆಚ್ಚು ಕಡಿಮೆ ಒಂದೇ. ಅಂದರೆ ಗಾಡಿ ನನ್ನ ಕೈಗೆ ಕೊಡುವ ಸ್ವಲ್ಪ ಮುಂಚೆ ಯಾರೋ ಕೋಡ್ ಅಳಿಸಿ ಎಚ್ಚರಿಕೆ ದೀಪ ಆರಿಸಿದ್ದಾರೆ. ಬ್ಯಾಟರಿ ವೈರ್ ಬಿಚ್ಚಿದರೂ ಕೆಲವು ಗಾಡಿಗಳಲ್ಲಿ ಇದು ಸೊನ್ನೆಗೆ ಬರುತ್ತದೆ, ನನಗೆ ಗೊತ್ತು. ನಿಮ್ಮಲ್ಲಿ ಆದದ್ದು ಅದೇ ಆಗಿದ್ದರೆ, ಯಾವಾಗ, ಯಾಕೆ ಬಿಚ್ಚಿದರು ಎಂದು ಬರೆದು ತಿಳಿಸಿ.

ಹಿಂದಿನ ಕಮಾನ್ ಪಟ್ಟಿ ಒಂದು ಸೀಳಿತ್ತು, ಪಕ್ಕದ ಬಾಗಿಲಿನ ರೋಲರ್ ಸವೆದು ಬಾಗಿಲು ಜಗ್ಗುತ್ತಿತ್ತು. ಇವನ್ನು ಬಿಟ್ಟುಬಿಡುತ್ತೇನೆ. ಟೈರಿನ ಬಗ್ಗೆ ಮಾತ್ರ ಒಂದು ಮಾತು. ಟೈರಿನ ಮೇಲಿನ ಗೀರುಗಳು ಇನ್ನೂ ಆಳ ಇವೆ ಎಂದು ‘ಹೊಸದರಂತೆ’ ಎಂದು ಬರೆದಿದ್ದೀರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2316 ಎಂದಿದ್ದರೆ 2016ರ 23ನೇ ವಾರದ ಟೈರ್. ಅದನ್ನೂ ಪಟ್ಟಿಯಲ್ಲಿ ಬರೆಯಲು ಒಂದು ನಿಮಿಷ ಸಾಕು. ರಬ್ಬರಿನಲ್ಲಿ ಸೀಳು ಬಿಟ್ಟಿರುವ ಟೈರ್ ಹಾಕಿ ತುಂಬಿದ ಲೋಡ್ ಒಯ್ಯುವುದು ಯಾರಿಗೂ ಒಳ್ಳೆಯದಲ್ಲ.

ಬಿಡಿಭಾಗ, ಕೂಲಿ ಒಂದು ಕಡೆ. ವ್ಯಾನ್ ಗ್ಯಾರೇಜಿನಲ್ಲಿ ನಿಂತ ದಿನ ಸಂಪಾದನೆ ಸೊನ್ನೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಒಪ್ಪಿಕೊಂಡ ಸರಕು ತಲುಪಿಸಲು ನಾನು ಬೇರೆ ಗಾಡಿ ಬಾಡಿಗೆಗೆ ಹಿಡಿದೆ. ನಿಮ್ಮಲ್ಲಿ ಗಾಡಿ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರು ನನ್ನಂಥವರೇ, ಒಂದೇ ವ್ಯಾನ್ ನಂಬಿ ಬದುಕುವವರು. ನಾವು ಬೆಲೆ ಚೌಕಾಸಿ ಮಾಡುವುದೂ, ಎಷ್ಟು ಸಾಲ ಎತ್ತಬೇಕು ಎಂದು ತೀರ್ಮಾನಿಸುವುದೂ ನಿಮ್ಮ ಆ ಒಂದು ಹಾಳೆ ನೋಡಿಯೇ. ಕ್ಲಚ್ ಕೊನೆಗೆ ಬಂದಿದೆ, ಬೆಲ್ಟ್ ಬದಲಿಸಿಲ್ಲ ಎಂದು ನೇರವಾಗಿ ಬರೆದಿದ್ದರೂ ನಾನು ಬಹುಶಃ ಈ ವ್ಯಾನನ್ನೇ ಕೊಳ್ಳುತ್ತಿದ್ದೆ, ಆ ಖರ್ಚು ಕಳೆದು ಉಳಿದ ಬೆಲೆಗೆ.

ಹಾಗಾಗಿ ಕ್ಲಚ್, ಟೈಮಿಂಗ್ ಬೆಲ್ಟ್, ಡಿಪಿಎಫ್ ಈ ಮೂರು ಕೆಲಸಗಳ ಪೂರ್ತಿ ಖರ್ಚನ್ನೂ, ಬದಲಿ ಗಾಡಿಯ ಬಾಡಿಗೆಯನ್ನೂ ವಾಪಸ್ ಕೊಡಬೇಕು. ತಪಾಸಣೆ ಮಾಡಿದವರ ಮೂಲ ದಾಖಲೆಯ ಪ್ರತಿ ಮತ್ತು ಬೆಲ್ಟ್ ಬದಲಿಸಿದ್ದಕ್ಕೆ ಬಿಡಿಭಾಗದ ಬಿಲ್ ಇದ್ದರೆ ಅದನ್ನೂ ಕಳಿಸಬೇಕು. ಬಿಲ್ಲುಗಳು, ಫೋಟೋಗಳು, ಸ್ಕ್ಯಾನರ್ ವರದಿ ಇದರ ಜೊತೆಗಿವೆ. ಹಳೇ ಕ್ಲಚ್, ಫ್ಲೈವೀಲ್, ಬೆಲ್ಟ್ ನೋಡಲು ನಿಮ್ಮ ಕಡೆಯವರು ಯಾವಾಗ ಬೇಕಾದರೂ ಬರಬಹುದು. ಫೋನಿನಲ್ಲಿ ಮಾತಾಡುವುದು ಬೇಡ, 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಬಾರದಿದ್ದರೆ ಇದೇ ದಾಖಲೆಗಳನ್ನು ಗ್ರಾಹಕರ ದೂರು ವಿಚಾರಿಸುವವರ ಮುಂದೆ ಇಡುತ್ತೇನೆ.

ಇತಿ,
ನಿಮ್ಮ ಗ್ರಾಹಕ
(ಸಹಿ)